ದುಬಾರಿ ಕೇಬಲ್ ಹಾಕಿದರೆ ಸದ್ದು ಬದಲಾಗುತ್ತಾ? ನಾನು ಅಳೆದು, ಕೇಳಿ ನೋಡಿದ್ದು

ಸ್ಪೀಕರ್ ಕೇಬಲ್ ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಉದ್ದ ಬೇಕು, ತಂತಿ ಎಷ್ಟು ದಪ್ಪ ಇದೆ. ಬೆಲೆಯ ಮಾತು ಆಮೇಲೆ. ಇದನ್ನು ಎಲ್ಲೋ ಓದಿ ಹೇಳುತ್ತಿಲ್ಲ, ಮನೆಯಲ್ಲೇ ಮಲ್ಟಿಮೀಟರ್ ಹಿಡಿದು ಅಳೆದಿದ್ದೇನೆ, ಕಣ್ಣಿಗೆ ಕಾಣದ ಹಾಗೆ ಕೇಬಲ್ ಬದಲಿಸಿಕೊಂಡು ಕೇಳಿದ್ದೇನೆ. ಕೆಲವು ಕಡೆ ಕೇಬಲ್‌ನಿಂದ ಸದ್ದು ನಿಜವಾಗಲೂ ಬದಲಾಗುತ್ತದೆ. ಆದರೆ ಬದಲಾದ ಕಡೆಯಲ್ಲೆಲ್ಲ ಅದಕ್ಕೊಂದು ಕಾರಣ ಸಿಕ್ಕಿತು, ಆ ಕಾರಣಕ್ಕೂ ಬೆಲೆಯ ಚೀಟಿಗೂ ಸಂಬಂಧ ಇರಲಿಲ್ಲ.

ನನ್ನದು ಬೆಂಗಳೂರಿನ ಸಾಧಾರಣ ಫ್ಲ್ಯಾಟ್. ಹಾಲ್‌ನಲ್ಲಿ 6 ಓಮ್‌ನ ಎರಡು ಬುಕ್‌ಶೆಲ್ಫ್ ಸ್ಪೀಕರ್, ಒಂದು ಆಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್. ಟಿವಿ ಸ್ಟ್ಯಾಂಡಿನಿಂದ ಗೋಡೆ ಬದಿಯಲ್ಲೇ ಸುತ್ತಿಕೊಂಡು ಹೋಗಬೇಕಾದ್ದರಿಂದ ಒಂದೊಂದು ಸ್ಪೀಕರ್‌ಗೂ 5 ಮೀಟರ್ ತಂತಿ ಬೇಕು. ನನ್ನ ಗೆಳೆಯನೊಬ್ಬ ವಿದೇಶದಿಂದ ತಂದ ಒಂದು ಜೋಡಿ ಕೇಬಲ್ ಇಟ್ಟುಕೊಂಡಿದ್ದಾನೆ, ಅದರ ಬೆಲೆ ನನ್ನ ಆಂಪ್ಲಿಫೈಯರ್‌ಗಿಂತ ಜಾಸ್ತಿ. ಕೇಳಿದ ತಕ್ಷಣ ಕೊಟ್ಟ, ಪರೀಕ್ಷೆಗೂ ಜೊತೆಗೆ ಕೂತ. ಅದರ ಎದುರಿಗೆ ಇಟ್ಟಿದ್ದು ಎರಡು. ಒಂದು, ಸ್ಪೀಕರ್ ಡಬ್ಬದಲ್ಲಿ ಪುಕ್ಕಟೆ ಬರುವಂಥ ತೆಳು ತಂತಿ, ಸುಮಾರು ಅರ್ಧ ಸ್ಕ್ವೇರ್ ಎಂಎಂ. ಇನ್ನೊಂದು, ಮನೆ ವೈರಿಂಗ್‌ನಲ್ಲಿ ಗೀಸರ್, ಎಸಿ ಪಾಯಿಂಟ್‌ಗೆ ಹಾಕುತ್ತಾರಲ್ಲ, ಆ ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರ್. ಕೆಂಪು ಕಪ್ಪು ಎರಡೂ ಬಣ್ಣ ತಂದು, ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಡ್ರಿಲ್ ಬಾಯಿಗೆ ಸಿಕ್ಕಿಸಿ ನಿಧಾನಕ್ಕೆ ತಿರುಗಿಸಿದರೆ ಚೆನ್ನಾಗಿ ಹುರಿಗೊಳ್ಳುತ್ತದೆ.

ಮೊದಲು ಅಳತೆ. ಕೇಬಲ್‌ನ ರೆಸಿಸ್ಟೆನ್ಸ್ (ಕರೆಂಟಿಗೆ ಅದು ಒಡ್ಡುವ ತಡೆ, ಅಳತೆ ಓಮ್‌ನಲ್ಲಿ) ನೋಡಬೇಕು ಅಂತ ಮಲ್ಟಿಮೀಟರ್ ನೇರವಾಗಿ ಹಚ್ಚಿದರೆ ಪ್ರಯೋಜನ ಇಲ್ಲ, ಮೀಟರಿನ ಕಡ್ಡಿ ವೈರುಗಳೇ ಅದಕ್ಕಿಂತ ಜಾಸ್ತಿ ತೋರಿಸುತ್ತವೆ. ನಾನು ಮಾಡಿದ್ದು ಹೀಗೆ: ಹಳೆಯ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ತಗೊಂಡೆ, ಅದಕ್ಕೆ ಕಾರಿನ ಇಂಡಿಕೇಟರ್‌ಗೆ ಹಾಕುವ 21 ವ್ಯಾಟ್ ಬಲ್ಬನ್ನೂ ಕೇಬಲನ್ನೂ ಸಾಲಾಗಿ ಸೇರಿಸಿದೆ, ಕೇಬಲ್‌ನ ಆಚೆ ತುದಿಯಲ್ಲಿ ಎರಡೂ ತಂತಿ ಕೂಡಿಸಿ ಬಿಗಿ ಮಾಡಿದೆ. ಬಲ್ಬು ಉರಿಯುವಾಗ ಸುಮಾರು 1.7 ಆಂಪಿಯರ್ ಹರಿಯುತ್ತದೆ. ಈಗ ಈಚೆ ತುದಿಯ ಎರಡು ತಂತಿಗಳ ನಡುವೆ ಎಷ್ಟು ಮಿಲಿವೋಲ್ಟ್ ಇದೆ ಅಂತ ನೋಡಿ ಕರೆಂಟಿನಿಂದ ಭಾಗಿಸಿದರೆ ಸರಿಯಾದ ಓಮ್ ಲೆಕ್ಕ ಸಿಗುತ್ತದೆ. ತೆಳು ತಂತಿ 0.35 ಓಮ್ ಆಸುಪಾಸು ಬಂತು. ಮನೆ ವೈರ್ 0.07. ಗೆಳೆಯನ ಕೇಬಲ್ ಇನ್ನೂ ಸ್ವಲ್ಪ ದಪ್ಪ, ಅದು 0.05.

ಈ ಅಂಕಿಗಳು ಕಿವಿಗೆ ಏನು ಮಾಡುತ್ತವೆ? 6 ಓಮ್ ಸ್ಪೀಕರ್ ಅಂತ ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ 6 ಓಮ್ ಇರುವುದಿಲ್ಲ. ನನ್ನದು ಒಂದು ಕಡೆ 4 ಓಮ್‌ಗೆ ಇಳಿದು, ಇನ್ನೊಂದು ಕಡೆ 25ಕ್ಕೆ ಏರುತ್ತದೆ. ತೆಳು ತಂತಿ ಹಾಕಿದರೆ 4 ಓಮ್ ಇರುವ ಜಾಗದಲ್ಲಿ ಮುಕ್ಕಾಲು ಡೆಸಿಬೆಲ್‌ನಷ್ಟು ಸದ್ದು ಕಡಿಮೆಯಾಗುತ್ತದೆ, 25 ಓಮ್ ಇರುವಲ್ಲಿ 0.1 ಡೆಸಿಬೆಲ್ ಅಷ್ಟೇ. ಅಂದರೆ ಎಲ್ಲ ಸ್ವರವೂ ಒಂದೇ ಸಮ ತಗ್ಗುವುದಿಲ್ಲ, ಕೆಲವು ಉಳಿದವಕ್ಕಿಂತ ಮುಂದೆ ಬರುತ್ತವೆ. ಇದು ಸಣ್ಣದೇ ಆದರೂ ನಿಜವಾದ ಬದಲಾವಣೆ. ಮನೆ ವೈರಿಗೂ ಗೆಳೆಯನ ಕೇಬಲ್‌ಗೂ ಇರುವ ಅಂತರ ಅದೇ 4 ಓಮ್ ಜಾಗದಲ್ಲಿ 0.04 ಡೆಸಿಬೆಲ್. ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಅದಕ್ಕಿಂತ ಜಾಸ್ತಿ ಬದಲಾಗುತ್ತದೆ. ಕೇಬಲ್‌ನ ರೆಸಿಸ್ಟೆನ್ಸ್ ಸ್ಪೀಕರ್ ಓಮ್‌ನ ನೂರಕ್ಕೆ 5 ಭಾಗ ದಾಟಬಾರದು ಅನ್ನುವ ಹಳೆಯ ಲೆಕ್ಕ ಒಂದಿದೆ, ನಾನು ನೂರಕ್ಕೆ 2ರ ಒಳಗೇ ಇಟ್ಟುಕೊಳ್ಳುತ್ತೇನೆ. 5 ಮೀಟರ್‌ಗೆ ಎರಡೂವರೆ ಎಂಎಂ ಧಾರಾಳ ಸಾಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್ ಕಡೆ ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ ಹೊಳೆಯುವ ಸ್ಪೀಕರ್ ವೈರ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನೋಡಲು ತಾಮ್ರದ ಬಣ್ಣ. ನಾನು ತಂದ ಒಂದು ತುಂಡಿನ ಮೇಲೆ ಎರಡೂವರೆ ಅಂತ ಬರೆದಿತ್ತು, ಬಲ್ಬಿನ ಪರೀಕ್ಷೆಯಲ್ಲಿ 0.12 ತೋರಿಸಿತು. ಒಂದು ಎಳೆ ಬಿಡಿಸಿ, ಬೆರಳ ಮೇಲಿಟ್ಟು ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ತಾಮ್ರದ ಬಣ್ಣ ಎದ್ದು ಹೋಗಿ ಒಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಎಳೆಯನ್ನು ನಾಲ್ಕಾರು ಸಲ ಹಿಂದೆ ಮುಂದೆ ಬಗ್ಗಿಸಿದರೆ ಪಟ್ ಅಂತ ಮುರಿಯಿತು, ಒಳ್ಳೆ ತಾಮ್ರ ಅಷ್ಟು ಬೇಗ ಮುರಿಯುವುದಿಲ್ಲ. ಅಲ್ಯೂಮಿನಿಯಂನ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟಿಗಿಂತಲೂ ಜಾಸ್ತಿ. ಐಎಸ್ಐ ಗುರುತಿನ ಮನೆ ವೈರಿಂಗ್ ವೈರ್ ತಗೊಂಡರೆ ಈ ತಾಪತ್ರಯ ಇಲ್ಲ.

ಆಮೇಲೆ ಕೇಳುವ ಕೆಲಸ. ಕೇಬಲ್ ಬದಲಿಸಲು ಎದ್ದು ಹೋಗಿ, ಸ್ಕ್ರೂ ಬಿಚ್ಚಿ, ಮತ್ತೆ ಬಿಗಿದು, ಬಂದು ಕೂತು ಕೇಳಿದರೆ ಹಿಂದಿನ ಸದ್ದು ನೆನಪಿನಲ್ಲಿ ಉಳಿದಿರುವುದಿಲ್ಲ. ಸದ್ದಿನ ಸೂಕ್ಷ್ಮಗಳ ನೆನಪು ಕೆಲವೇ ಸೆಕೆಂಡು ಇರುತ್ತದೆ. ಅದಕ್ಕೇ ನಾಲ್ಕು ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಹಾಕಿ ಎರಡು ಡಬ್ಬಿ ಮಾಡಿಕೊಂಡೆ, ಒಂದು ಗುಂಡಿ ಒತ್ತಿದರೆ ಕೇಬಲ್‌ನ ಎರಡೂ ತುದಿ ಒಟ್ಟಿಗೆ ಬದಲಾಗುತ್ತವೆ. ಪ್ಲಸ್ ಮೈನಸ್ ಎರಡನ್ನೂ ಬೇರೆ ಬೇರೆ ರಿಲೇ ಸಂಪರ್ಕದಲ್ಲೇ ದಾಟಿಸಬೇಕು. ಈಗಿನ ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ ಎಡ ಬಲದ ಮೈನಸ್‌ಗಳನ್ನು ಕೂಡಿಸಿದರೆ ಒಳಗೆ ಸುಟ್ಟು ಹೋಗುತ್ತದೆ, ಮಾಡುವವರು ದಯವಿಟ್ಟು ಇದನ್ನು ನೆನಪಿಡಿ.

ಸದ್ದಿನ ಮಟ್ಟ ಸಮ ಮಾಡುವುದೂ ಅಷ್ಟೇ ಮುಖ್ಯ. ಎರಡು ಒಂದೇ ಥರದ ಸದ್ದಿನಲ್ಲಿ ಚೂರು ಜೋರಾಗಿರುವುದು ಎಲ್ಲರಿಗೂ 'ಸ್ಪಷ್ಟ', 'ತುಂಬಿಕೊಂಡಿದೆ' ಅಂತ ಅನ್ನಿಸುತ್ತದೆ, ಜೋರಾಗಿದೆ ಅಂತ ಅನ್ನಿಸುವುದಿಲ್ಲ. ಹಾಗಾಗಿ ಒಂದೇ ಸ್ವರ ಹಾಕಿ, ಸ್ಪೀಕರ್ ತುದಿಯಲ್ಲಿ ಎಸಿ ವೋಲ್ಟ್ ಅಳೆದು, 0.1 ಡೆಸಿಬೆಲ್ ಒಳಗೆ, ಅಂದರೆ ವೋಲ್ಟ್ ಲೆಕ್ಕದಲ್ಲಿ ನೂರಕ್ಕೆ 1ರಷ್ಟು ವ್ಯತ್ಯಾಸದ ಒಳಗೆ ತಂದೆ. ಅಗ್ಗದ ಮೀಟರುಗಳು ಮೇಲಿನ ಸ್ವರಗಳಲ್ಲಿ ತಪ್ಪು ಓದುತ್ತವೆ, ಅದಕ್ಕೆ 200 ಹರ್ಟ್ಸ್ ಬಳಸಿದೆ. ಯಾವ ಕೇಬಲ್ ಅನ್ನುವುದನ್ನು ನಾಣ್ಯ ಚಿಮ್ಮಿ ಗೆಳೆಯ ನಿರ್ಧರಿಸುತ್ತಿದ್ದ, ಬರೆದಿಟ್ಟು ಕೋಣೆಯಿಂದ ಆಚೆ ಹೋಗುತ್ತಿದ್ದ. ಅವನ ಮುಖ ನೋಡಿ ಉತ್ತರ ಊಹಿಸಲು ಅವಕಾಶ ಇರಬಾರದಲ್ವಾ. ಆಮೇಲೆ ಅವನು ಕೂತ, ನಾನು ಚಿಮ್ಮಿದೆ.

ಕೇಳಲು ನಾನು ಆರಿಸಿದ್ದು ತಂಬೂರಿಯ ಶ್ರುತಿ ಮತ್ತು ಮೃದಂಗದ ತನಿ ಆವರ್ತನ. ಜೀವಾಳ (ತಂತಿಯ ಕೆಳಗೆ ಕೂರಿಸುವ ದಾರ) ಸರಿಯಾಗಿ ಕೂತ ತಂಬೂರಿಯಲ್ಲಿ ಮೇಲಿನ ಸ್ವರಗಳು ಒಂದರ ಮೇಲೊಂದು ಅರಳುತ್ತಾ ಹೋಗುತ್ತವೆ, ಅಲ್ಲಿ ಒಂದು ಎಳೆ ಕಡಿಮೆಯಾದರೂ ಅಭ್ಯಾಸವಿರುವ ಕಿವಿಗೆ ಗೊತ್ತಾಗುತ್ತದೆ. ಮೃದಂಗದ ತೊಪ್ಪಿಯ (ಎಡಬದಿಯ) ಗುಮುಕಿ ನಾದ ಕೆಳಗಿನ ಸ್ವರಗಳಿಗೆ. ಇವೆರಡರಲ್ಲೂ ಮನೆ ವೈರಿಗೂ ಗೆಳೆಯನ ಕೇಬಲ್‌ಗೂ ವ್ಯತ್ಯಾಸ ಹೇಳಲು ನನಗೂ ಆಗಲಿಲ್ಲ, ಅವನಿಗೂ ಆಗಲಿಲ್ಲ. ಉತ್ತರಗಳು ಅರ್ಧಕ್ಕರ್ಧ ಸರಿ, ಅಂದರೆ ನಾಣ್ಯವೇ ಉತ್ತರ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಬರೀ ಅದೃಷ್ಟ ಅಲ್ಲ ಅಂತ ನಂಬಬೇಕಾದರೆ 10ರಲ್ಲಿ 9 ಆದರೂ ಸರಿ ಬರಬೇಕು. ತೆಳು ತಂತಿಯನ್ನು ಮಾತ್ರ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತು ಭೋರೆನ್ನುವ ಪರೀಕ್ಷೆಯ ಸದ್ದು) ಹಾಕಿದಾಗ ಇಬ್ಬರೂ ಹಿಡಿದೆವು. ಸಂಗೀತ ಹಾಕಿದಾಗ ಅದೂ ಕಷ್ಟವಾಯಿತು. ಅಮೆರಿಕದ ಸ್ಟೀರಿಯೋ ರಿವ್ಯೂ ಪತ್ರಿಕೆಯಲ್ಲಿ 1983ರಲ್ಲಿ ಲಾರೆನ್ಸ್ ಗ್ರೀನ್‌ಹಿಲ್ ಬರೆದ ಪರೀಕ್ಷೆಯಲ್ಲೂ ಹೆಚ್ಚುಕಡಿಮೆ ಇದೇ ಬಂದಿತ್ತು: ತೀರಾ ತೆಳುವಾದ 24 ಗೇಜ್ ತಂತಿ (ಗೇಜ್ ಅಂಕಿ ಹೆಚ್ಚಿದಷ್ಟೂ ತಂತಿ ತೆಳು) ಪಿಂಕ್ ನಾಯ್ಸ್‌ನಲ್ಲಿ ಗೊತ್ತಾಯಿತು, ಸಾಮಾನ್ಯ 16 ಗೇಜ್ ತಂತಿಗೂ ದಪ್ಪನೆಯ ಮಾನ್‌ಸ್ಟರ್ ಕೇಬಲ್‌ಗೂ ಸಂಗೀತದಲ್ಲಿ ವ್ಯತ್ಯಾಸ ಸಿಗಲಿಲ್ಲ.

ಕೇಬಲ್ ಬದಲಿಸಿದಾಗ ನಿಜವಾಗಲೂ ಸದ್ದು ಸುಧಾರಿಸಿತು ಅನ್ನುವವರನ್ನು ನಾನು ಸುಳ್ಳು ಹೇಳುತ್ತಾರೆ ಅನ್ನುವುದಿಲ್ಲ. ಹಳೆಯ ತಂತಿ ಬಿಚ್ಚುವಾಗ ಕಿಲುಬು ಹಿಡಿದ ತುದಿ ಹೋಗಿ ಹೊಸ ತುದಿ ಬಂತು, ಸಡಿಲವಾಗಿದ್ದ ಸ್ಕ್ರೂ ಬಿಗಿಯಾಯಿತು, ಒಂದು ಬದಿಯಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿದ್ದದ್ದು ಸರಿಯಾಯಿತು. ಇವು ಕಿವಿಗೆ ಕೇಳುವ ಬದಲಾವಣೆಗಳೇ.

ಈಗ ಕೇಬಲ್‌ನಿಂದ ಸದ್ದು ನಿಜಕ್ಕೂ ಬದಲಾಗುವ ಜಾಗಕ್ಕೆ ಬರುತ್ತೇನೆ: ರೆಕಾರ್ಡ್ ಪ್ಲೇಯರ್. ರೆಕಾರ್ಡಿನ ಮೇಲೆ ಓಡುವ ಸೂಜಿ ಕೂತಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಲ್ಲಿ ಸಣ್ಣ ಸುರುಳಿ ಇರುತ್ತದೆ, ನನ್ನದರ ಇಂಡಕ್ಟೆನ್ಸ್ (ಕರೆಂಟು ಬೇಗ ಬದಲಾಗುವುದನ್ನು ತಡೆಯುವ ಗುಣ) 500 ಮಿಲಿಹೆನ್ರಿ. ಕೇಬಲ್‌ನ ನಡುವಿನ ತಂತಿಗೂ ಸುತ್ತಲಿನ ಜಾಲರಿಗೂ ನಡುವೆ ಇರುವ ಕೆಪ್ಯಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಈ ಸುರುಳಿಯ ಜೊತೆ ಸೇರಿ ಒಂದು ಸ್ವರದ ಬಳಿ ಉಬ್ಬು ಮಾಡುತ್ತದೆ, ಅದರ ಮೇಲಿನ ಸ್ವರಗಳು ದಿಢೀರ್ ಅಂತ ಇಳಿಯುತ್ತವೆ. ನನ್ನ ಹತ್ತಿರ ಇದ್ದ 2 ಮೀಟರ್‌ನ ದಪ್ಪನೆಯ, ಚಂದದ ಹೆಣಿಗೆಯ ಕೇಬಲ್ ಅಳೆದರೆ 400 ಪಿಕೋಫ್ಯಾರಡ್. ಟೋನ್‌ಆರ್ಮ್ (ಸೂಜಿ ಹಿಡಿದಿರುವ ಕೈ) ವೈರಿನದೂ ಫೋನೋ ಸ್ಟೇಜಿನದೂ (ಸೂಜಿಯಿಂದ ಬರುವ ಸಣ್ಣ ಸಿಗ್ನಲ್ ಹಿಗ್ಗಿಸುವ ಭಾಗ) ಸೇರಿ 600. ಲೆಕ್ಕ ಹಾಕಿದರೆ ಉಬ್ಬು 9 ಕಿಲೋಹರ್ಟ್ಸ್ ಬಳಿ ಬಂತು. ಪಿಟೀಲು ಮೇಲಿನ ಸ್ಥಾಯಿಗೆ ಹೋದಾಗ ಕೀರಲು, ಹಾಡಿನಲ್ಲಿ ಸ, ಶ ಅಕ್ಷರಗಳು ಉಗುಳಿದ ಹಾಗೆ ಕೇಳುತ್ತಿದ್ದದ್ದು ಇದಕ್ಕೇ.

ಪರಿಹಾರ ಸಿಕ್ಕಿದ್ದು ಸಿಸಿಟಿವಿಗೆ ಹಾಕುವ ಆರ್‌ಜಿ-59 ಕೇಬಲ್‌ನಲ್ಲಿ. ಅದು ಮೀಟರಿಗೆ 67 ಪಿಕೋಫ್ಯಾರಡ್ ಅಷ್ಟೇ. ಮುಕ್ಕಾಲು ಮೀಟರ್ ಕತ್ತರಿಸಿ, ತುದಿಗೆ ಆರ್‌ಸಿಎ ಪ್ಲಗ್ ಬೆಸುಗೆ ಹಾಕಿ, ಜಾಲರಿಯ ಒಂದು ಎಳೆಯೂ ನಡುತಂತಿಗೆ ತಾಗದ ಹಾಗೆ ಹೀಟ್ ಶ್ರಿಂಕ್ ಕೂರಿಸಿದೆ. ಒಟ್ಟು 250ಕ್ಕೆ ಇಳಿಯಿತು, ಉಬ್ಬು 14 ಕಿಲೋಹರ್ಟ್ಸ್‌ಗೆ ಹೋಯಿತು. ಇದನ್ನು ಕೇಳಲು ರಿಲೇ ಡಬ್ಬಿಯ ಅಗತ್ಯವೇ ಬೀಳಲಿಲ್ಲ, ಅಡಿಗೆಮನೆಯಲ್ಲಿ ಇದ್ದವರಿಗೂ ಗೊತ್ತಾಯಿತು. ಹಾಗಂತ ಕಡಿಮೆಯಾದಷ್ಟೂ ಒಳ್ಳೆಯದು ಅಂತಲ್ಲ. ಕಾರ್ಟ್ರಿಜ್ ಮಾಡಿದವರು ಇಷ್ಟರಿಂದ ಇಷ್ಟರವರೆಗೆ ಇರಲಿ ಅಂತ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ, ಅದರ ಒಳಗೆ ಬರಬೇಕು. ವೀಣೆಗೆ, ಗಿಟಾರಿಗೆ ಪಿಕಪ್ ಹಾಕಿಕೊಳ್ಳುವವರಿಗೂ ಕೇಬಲ್‌ನ ಉದ್ದ ಇದೇ ಥರ ಮುಖ್ಯ. ಸಿಡಿ ಪ್ಲೇಯರ್, ಡಿಎಸಿ (ಡಿಜಿಟಲ್ ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡುವ ಪೆಟ್ಟಿಗೆ) ಕಡೆಯಿಂದ ಬರುವ ಕೇಬಲ್‌ಗೆ ಈ ತೊಂದರೆ ಇಲ್ಲ, ಅಲ್ಲಿ ಪರಿಣಾಮ ಇದ್ದರೂ ಅದು ಕಿವಿ ಮುಟ್ಟದ ಎತ್ತರದಲ್ಲಿರುತ್ತದೆ.

ಗುಂಯ್ ಅನ್ನುವ ಸದ್ದಿಗೂ ಜನ ಕೇಬಲ್ ಬದಲಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಅದು. ನಮ್ಮ ಮನೆಯಲ್ಲಿ ಆ ಸದ್ದು ಬರುತ್ತಿದ್ದದ್ದು ಸೆಟ್‌ಟಾಪ್ ಬಾಕ್ಸಿಗೆ ಹೊರಗಿನಿಂದ ಬರುವ ಕೇಬಲ್ ಟಿವಿ ತಂತಿಯಿಂದ. ಅದಕ್ಕೆ ಎಲ್ಲೋ ಆಚೆ ಒಂದು ಅರ್ತ್, ಆಂಪ್ಲಿಫೈಯರ್‌ಗೆ ಮನೆಯ ಅರ್ತ್, ಎರಡರ ನಡುವೆ ಸುತ್ತು ಹೊಡೆಯುವ 50 ಹರ್ಟ್ಸ್ ಕರೆಂಟು ಸ್ಪೀಕರಿನಲ್ಲಿ ಕೇಳುತ್ತದೆ. ಆ ತಂತಿ ಬಿಚ್ಚಿದ ಕ್ಷಣ ಮೌನ. ತಂತಿಯ ದಾರಿಯಲ್ಲಿ ಎರಡು ಅರ್ತ್‌ಗಳ ಸಂಪರ್ಕ ಕಡಿಯುವ ಒಂದು ಐಸೊಲೇಟರ್ ಹಾಕಿದೆ, ಮುಗಿಯಿತು. ಯಾರು ಏನೇ ಹೇಳಲಿ, ಮೂರು ಪಿನ್ ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಕೀಳಬೇಡಿ, ಜೀವಕ್ಕೆ ಅಪಾಯ.

ಬೆಳ್ಳಿ ತಂತಿ ಬಗ್ಗೆ ತುಂಬ ಜನ ಕೇಳುತ್ತಾರೆ. ಬೆಳ್ಳಿ ತಾಮ್ರಕ್ಕಿಂತ ನೂರಕ್ಕೆ 6ರಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ಅಷ್ಟನ್ನು ಚೂರು ದಪ್ಪ ತಾಮ್ರ ತಗೊಂಡರೆ ಪಡೆಯಬಹುದು. ಎಚ್‌ಡಿಎಂಐ, ಯುಎಸ್‌ಬಿ ಕೇಬಲ್‌ನಲ್ಲಿ ಹೋಗುವುದು ಅಂಕಿಗಳು. ಕೇಬಲ್ ಕೆಟ್ಟದಾಗಿದ್ದರೆ ಸದ್ದು ಕತ್ತರಿಸುತ್ತದೆ, ಚಿತ್ರದಲ್ಲಿ ಚುಕ್ಕಿ ಮಿನುಗುತ್ತದೆ, ತಬಲಾದ ನಾದ ಬೆಚ್ಚಗಾಗುವುದು ತಣ್ಣಗಾಗುವುದು ಅದರಿಂದ ಆಗುವುದಿಲ್ಲ.

ದುಡ್ಡು ಇದ್ದರೆ ಒಂದು ಮಾಪನ ಮೈಕ್ ತಗೊಳ್ಳಿ ಅಂತ ನಾನು ಗೆಳೆಯರಿಗೆ ಹೇಳುತ್ತೇನೆ. ಕೋಣೆಯ ಸದ್ದು ಅಳೆಯುವ ರೂಮ್ ಇಕ್ಯೂ ವಿಝಾರ್ಡ್ ಅನ್ನುವ ಸಾಫ್ಟ್‌ವೇರ್ ಉಚಿತ. ನಮ್ಮ ಮನೆಗಳಲ್ಲಿ ಗ್ರಾನೈಟ್ ನೆಲ, ಕಾಂಕ್ರೀಟ್ ಗೋಡೆ. 4 ಮೀಟರ್ ಉದ್ದದ ಕೋಣೆಯಲ್ಲಿ 43 ಹರ್ಟ್ಸ್ ಬಳಿ ಕೆಳಸ್ವರ ಒಂದು ಮೂಲೆಯಲ್ಲಿ ಗುಡುಗಿ ನಡುಮಧ್ಯದಲ್ಲಿ ಮಾಯವಾಗುತ್ತದೆ, ಈ ಏರಿಳಿತ 10 ಡೆಸಿಬೆಲ್ ದಾಟುವುದು ಮಾಮೂಲು. ನಾನು ಸ್ಪೀಕರುಗಳನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ತಂದು, ಸೋಫಾ ಸರಿಸಿ, ನೆಲಕ್ಕೆ ದಪ್ಪ ಜಮಖಾನ ಹಾಸಿದಾಗ ಆದ ಬದಲಾವಣೆಯನ್ನು ಯಾವ ಕೇಬಲ್‌ನಲ್ಲೂ ಕೇಳಿಲ್ಲ. ಗೆಳೆಯ ತನ್ನ ಕೇಬಲ್ ಇಟ್ಟುಕೊಂಡೇ ಇದ್ದಾನೆ, ಅದರ ಕಟ್ಟುಮಸ್ತು ಪ್ಲಗ್ಗು, ಹೊದಿಕೆ ನನಗೂ ಇಷ್ಟ. ಈಗ ಅವನ ಮನೆಯಲ್ಲೂ ಮೈಕ್ ಇಟ್ಟು ಅಳೆಯುತ್ತಿದ್ದೇವೆ.

ವೈರ್ ಹಾಕಿಕೊಳ್ಳುವವರಿಗೆ ತುದಿಯ ಬಗ್ಗೆ ಒಂದು ಮಾತು. ಬಿಚ್ಚಿದ ಎಳೆಗಳಿಗೆ ಬೆಸುಗೆಯ ಸೀಸ ಹಚ್ಚಿ ಸ್ಕ್ರೂ ಕೆಳಗೆ ಕೂರಿಸಬೇಡಿ, ಒತ್ತಡಕ್ಕೆ ಸೀಸ ನಿಧಾನಕ್ಕೆ ಹರಡಿಕೊಂಡು ಕೆಲವು ತಿಂಗಳಲ್ಲಿ ಜೋಡಣೆ ಸಡಿಲವಾಗುತ್ತದೆ. ಫೆರೂಲ್ (ಎಳೆಗಳ ತುದಿಗೆ ತೊಡಿಸುವ ಲೋಹದ ಚಿಕ್ಕ ಕೊಳವೆ) ಹಾಕಿ ಒತ್ತಿಸಿ, ಇಲ್ಲವೇ ಒಳ್ಳೆಯ ಬನಾನಾ ಪ್ಲಗ್ ಹಾಕಿ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ಬರಿಯ ತಾಮ್ರ ಬೇಗ ಹಸಿರುಗಟ್ಟುತ್ತದೆ. ಅಲ್ಲಿಯವರು ತಂತಿಯನ್ನು ಒಂದು ಗೇಣು ಜಾಸ್ತಿಯೇ ಬಿಟ್ಟುಕೊಳ್ಳಿ, ಮಳೆಗಾಲ ಕಳೆದ ಮೇಲೆ ಅರ್ಧ ಇಂಚು ಕತ್ತರಿಸಿ ಹೊಸ ತುದಿ ಹಾಕಿಕೊಳ್ಳಬಹುದು.