ಪಕ್ಷಾಂತರ ಬಿಟ್ಟ ಮೇಲೆ ಸಮೀಕರಣ ಬಂತು

ಎಂಟನೇ ಕ್ಲಾಸಿಗೆ ಪಕ್ಷಾಂತರ, ಅಂದರೆ ಸಂಖ್ಯೆಯನ್ನು ಸಮ ಚಿಹ್ನೆಯ ಆಚೆ ಸಾಗಿಸೋದು, ಹೇಳಿಕೊಡದೆ ಸಮೀಕರಣ ಕಲಿಸ್ತೀನಿ ಅಂದಾಗ ಜೊತೆಯ ಮೇಷ್ಟ್ರುಗಳು ನಕ್ಕಿದ್ದರು. ‘ಪೋರ್ಷನ್ ಮುಗಿಯಲ್ಲ ಬಿಡಿ ಸಾರ್’ ಎಂದರು. ಈಗ ಅವರಲ್ಲೇ ಇಬ್ಬರು ನನ್ನ ಟ್ಯೂಷನ್ ಮಕ್ಕಳ ನೋಟ್‌ಬುಕ್ ಫೋಟೊ ಕೇಳುತ್ತಾರೆ.

‘ಆಚೆ ಹೋದರೆ ಚಿಹ್ನೆ ಬದಲಾಗುತ್ತೆ’ ಎಂಬುದು ಎಲ್ಲರಿಗೂ ಬಾಯಿಪಾಠ. −3ಎಕ್ಸ್ = 12 ಕೊಟ್ಟು ನೋಡಿ. ಮೂರನ್ನು ಆಚೆ ಕಳಿಸುವಾಗ ಮೈನಸ್ಸನ್ನೂ ಪ್ಲಸ್ ಮಾಡಿಬಿಡುತ್ತಾರೆ, −4 ಬರಬೇಕಾದಲ್ಲಿ ಉತ್ತರ 4! ಹೇಳಿಕೊಟ್ಟಂತೆಯೇ ಮಾಡಿದವನಿಗೆ ಏನಂತ ಬೈಯೋದು?

ಮೊದಲು ತಕ್ಕಡಿ ತಂದೆ. ತೂಕದ ಕಲ್ಲು, ಡಬ್ಬಿ ಎಲ್ಲ ಸೇರಿ 1,200 ರೂಪಾಯಿ ಆಸುಪಾಸು. 2ಎಕ್ಸ್ + 3 = 11 ತನಕ ಜೋರಾಗಿ ನಡೆಯಿತು. ಮೈನಸ್ ಬಂತು, ತಕ್ಕಡಿ ಕೈಕೊಟ್ಟಿತು. ಮೈನಸ್ ಮೂರು ಗ್ರಾಂ ಕಲ್ಲು ಯಾವ ಅಂಗಡಿಯಲ್ಲಿ ಸಿಗುತ್ತೆ? ಆಮೇಲೆ ಫೋಮ್ ಶೀಟ್ ಕತ್ತರಿಸಿ ಬಣ್ಣದ ಬಿಲ್ಲೆ ಮಾಡಿದೆ, ಅದಕ್ಕೊಂದು 600. ಮಕ್ಕಳು ಚೆನ್ನಾಗಿ ಆಟ ಆಡಿದರು, ಲೆಕ್ಕ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಎರಡು ಮನೆಯವರು ಟ್ಯೂಷನ್ ಬಿಡಿಸಿದರು. ತಿಂಗಳಿಗೆ ಸಾವಿರ ಖೋತಾ.

ಕೆಲಸಕ್ಕೆ ಬಂದಿದ್ದು ಪುಟದ ಬಲಕ್ಕೆ ಎಳೆದ ಒಂದು ಗೆರೆ. ಖರ್ಚಿಲ್ಲ. 5ಎಕ್ಸ್ − 3 = 2ಎಕ್ಸ್ + 12 ಇದೆ ಅನ್ನಿ. ಗೆರೆಯಾಚೆ ಮೊದಲು ಬರೆಯಬೇಕು: ‘ಎರಡೂ ಕಡೆ 2ಎಕ್ಸ್ ಕಳೆ’. ಆಮೇಲೆ ಈಚೆ 3ಎಕ್ಸ್ − 3 = 12. ‘ಎರಡೂ ಕಡೆ 3 ಕೂಡಿಸು’, 3ಎಕ್ಸ್ = 15. ‘ಎರಡೂ ಕಡೆ 3ರಿಂದ ಭಾಗಿಸು’, ಎಕ್ಸ್ = 5. ಒಂದು ಸಾಲಿಗೆ ಒಂದೇ ಕೆಲಸ, ಸಮ ಚಿಹ್ನೆ ಒಂದರ ಕೆಳಗೊಂದು. ತಾಳೆ ನೋಡದೆ ಪುಟ ತಿರುಗಿಸೋ ಹಾಗಿಲ್ಲ: ಎಡಕ್ಕೆ 25 − 3, ಬಲಕ್ಕೆ 10 + 12, ಎರಡೂ 22. ಶುರುವಿನಲ್ಲಿ ನಿಧಾನ, ನಿಜ. ಕೈ ಕುದುರಿದ ಮೇಲೆ ಗೆರೆಯಾಚೆ ಬರೆಯುವುದನ್ನು ಅವರೇ ಬಿಡುತ್ತಾರೆ, ಪೋರ್ಷನ್ನೂ ಮುಗಿಯುತ್ತೆ. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಹಂತಕ್ಕೂ ಅಂಕ ಇರೋದರಿಂದ ಈ ಅಭ್ಯಾಸ ದಂಡವಲ್ಲ.

ಭಾಸ್ಕರಾಚಾರ್ಯರು 12ನೇ ಶತಮಾನದಲ್ಲೇ ಗೊತ್ತಿಲ್ಲದ ರಾಶಿಗಳನ್ನು ಕಾಲಕ, ನೀಲಕ, ಪೀತಕ ಅಂತ ಬಣ್ಣದ ಹೆಸರಲ್ಲಿ ಕರೆದಿದ್ದರಲ್ವಾ? ಸುಮ್ನೆ ನೋಡೋಣ ಅಂತ ಹತ್ತನೇ ಕ್ಲಾಸಿಗೆ ಎಕ್ಸನ್ನು ನೀಲಿ, ವೈಯನ್ನು ಹಳದಿ ಚಾಕಿನಲ್ಲಿ ಬರೆದೆ. ಎರಡು ಸಮೀಕರಣದಿಂದ ಒಂದು ಅಕ್ಷರವನ್ನು ತೆಗೆದುಹಾಕುವ ವರ್ಜಿಸುವ ವಿಧಾನಕ್ಕೆ ಭೇಷಾಗಿದೆ, ಒಂದು ಬಣ್ಣ ಬೋರ್ಡಿನಿಂದ ಮಾಯ! ಒಂದೇ ಚರಾಕ್ಷರ ಇದ್ದರೆ ಚಾಕ್ ದಂಡ.

ಭಿನ್ನರಾಶಿಗೆ ಒಂದು ಮಾತು. ಎಕ್ಸ್/2 + 1 = ಎಕ್ಸ್/3 + 3 ಇದ್ದಾಗ 6ರಿಂದ ಗುಣಿಸಿ ಅಂದರೆ ಮಕ್ಕಳು ಒಂಟಿ 1, 3ನ್ನು ಗುಣಿಸದೆ ಹಾಗೇ ಬಿಟ್ಟುಬಿಡುತ್ತಾರೆ. ಗುಣಿಸುವ ಮುಂಚೆ ಎರಡೂ ಕಡೆಗೆ ಬ್ರಾಕೆಟ್ ಹಾಕಿಸಿ. 3ಎಕ್ಸ್ + 6 = 2ಎಕ್ಸ್ + 18, ಎಕ್ಸ್ = 12.

ಬ್ರಾಕೆಟ್ ಹಿಂದೆ ಮೈನಸ್ ಬಂದರೆ ನನ್ನದೊಂದು ಉಪಾಯ ಇದೆ. ಅದನ್ನ ಇಲ್ಲಿ ಬರೆಯಲ್ಲ, ಟ್ಯೂಷನ್ ನಡೀಬೇಕಲ್ಲ! ಇಪ್ಪತ್ತು ಮಕ್ಕಳಲ್ಲಿ ಹದಿನೈದು-ಹದಿನಾರು ಜನ ಈಗ ತಪ್ಪಿಲ್ಲದೆ ಬಿಡಿಸುತ್ತಾರೆ. ವಯಸ್ಸಿನ ಲೆಕ್ಕ ಕೊಟ್ಟರೆ ಮಾತ್ರ ಇನ್ನೂ ಅರ್ಧ ಜನ ನನ್ನ ಮುಖ ನೋಡುತ್ತಾರೆ.