ತಾರಸಿಯ ಹೀರೆ: ಹೂವಿಗೆ ಸಂಜೆ, ಕಾಯಿಗೆ ಚೀಲ

ತಾರಸಿಯಲ್ಲಿ ಹೀರೆ ಹಾಕಿದವರ ದೂರು ಹೆಚ್ಚುಕಡಿಮೆ ಒಂದೇ. ಬಳ್ಳಿ ಚಪ್ಪರ ತುಂಬಿದೆ, ಹೂವೂ ಬೇಕಾದಷ್ಟಿದೆ, ಹೀಚು ಮಾತ್ರ ಬೆರಳುದ್ದ ಆಗುವಷ್ಟರಲ್ಲಿ ಹಳದಿಯಾಗಿ ಉದುರುತ್ತದೆ. ಇದಕ್ಕೆ ಗೊಬ್ಬರ ಸುರಿದು ಉಪಯೋಗವಿಲ್ಲ. ಹಾಗಲ, ಸೌತೆ, ಕುಂಬಳದ ಹೂ ಬೆಳಗ್ಗೆ ಅರಳುತ್ತದೆ, ಜೇನು ಬಂದು ಹೋಗುತ್ತದೆ. ಹೀರೆ ಹೂ ಅರಳುವುದು ಸಂಜೆ ಐದರ ಮೇಲೆ. ಅಷ್ಟರಲ್ಲಿ ಜೇನು ಗೂಡು ಸೇರಿರುತ್ತದೆ. ಬೆಂಗಳೂರಿನ ಮೂರನೇ ಮಹಡಿಗೆ ಪತಂಗ ಹಾರಿ ಬರುತ್ತದೆಂದು ನಂಬಿ ಕೂರುವಂತಿಲ್ಲ. ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ತಾಗಿಸುವ ಕೆಲಸ ನಾವೇ ಮಾಡಬೇಕು.

ಸಂಜೆ ಐದೂವರೆಯಿಂದ ಏಳರೊಳಗೆ ಆಗ ತಾನೇ ಅರಳಿದ ಗಂಡು ಹೂ ಕೀಳುತ್ತೇನೆ. ಗಂಡು ಹೂ ಗೊಂಚಲಲ್ಲಿ ಬರುತ್ತದೆ. ಹೆಣ್ಣು ಹೂ ಒಂಟಿ, ಅದರ ಹಿಂದೆಯೇ ಗೀರುಗೀರಾದ ಪುಟ್ಟ ಹೀರೆಕಾಯಿ ಇರುತ್ತದೆ. ಗಂಡು ಹೂವಿನ ಎಸಳು ಬಿಡಿಸಿ, ನಡುವಿನ ಕೇಸರಕ್ಕೆ ಬೆರಳು ತಾಗಿಸಿದರೆ ಹಳದಿ ಪುಡಿ ಅಂಟಬೇಕು. ಅಂಟದಿದ್ದರೆ ಇನ್ನೊಂದು ಹೂ ನೋಡಿ. ಮಳೆಯಲ್ಲಿ ನೆನೆದ ಹೂ ಬೇಡ. ಆ ಕೇಸರವನ್ನು ಹೆಣ್ಣು ಹೂವಿನ ನಡುವಿನ ಅಂಟು ಭಾಗಕ್ಕೆ ಸುತ್ತಲೂ ಹಗುರವಾಗಿ ಸವರಿ. ಒಂದೇ ಬದಿಗೆ ತಾಗಿದರೆ ಕಾಯಿ ಸೊಟ್ಟಗಾಗಬಹುದು. ಮೊದಲೆರಡು ವಾರ ಬರೀ ಗಂಡು ಹೂ ಬಂದರೆ ಗಾಬರಿ ಬೇಡ, ಬಳ್ಳಿಯ ಕ್ರಮವೇ ಅದು. ಅದಾದ ಮೇಲೂ ಹೆಣ್ಣು ಹೂ ಕಾಣದೆ ಎಲೆ ಮಾತ್ರ ಕಡು ಹಸಿರಾಗಿ ಕೊಬ್ಬಿದ್ದರೆ ಸಾರಜನಕ ಹೆಚ್ಚಾಗಿದೆ ಎಂದರ್ಥ. ಹಿಂಡಿ ನೆನೆಸಿದ ಗೊಬ್ಬರದ ನೀರು ಕೊಡುವುದನ್ನು ನಿಲ್ಲಿಸಿ.

ಡ್ರಮ್ಮಿನ ಗಾತ್ರದಲ್ಲಿ ಜಿಪುಣತನ ಸಲ್ಲದು. ಒಂದು ಬಳ್ಳಿಗೆ ಕನಿಷ್ಠ 40 ಲೀಟರ್ ಮಣ್ಣು ಬೇಕು. ಬಕೆಟ್ಟಿನಲ್ಲಿ ಹಾಕಿದ ಬಳ್ಳಿ ಬೇಸಿಗೆಯ ಮಧ್ಯಾಹ್ನ ಬಾಡಿ, ಹೀಚು ಉದುರಿಸುತ್ತದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಡ್ರಮ್ಮಿಗೆ ಎರಡು ಹಿಡಿ ಬೇವಿನ ಹಿಂಡಿ: ನಾನು ಬೆರೆಸುವುದು ಇಷ್ಟೇ. ನೀರು ಕುಡಿದ ಮಣ್ಣು ಒಳ್ಳೆಯ ಭಾರ, ಹಾಗಾಗಿ ಡ್ರಮ್ಮನ್ನು ತಾರಸಿಯ ನಟ್ಟನಡುವೆ ಇಡದೆ, ಕೆಳಗೆ ತೊಲೆ ಅಥವಾ ಗೋಡೆ ಇರುವ ಅಂಚಿಗೆ ಇಡಿ.

ಬಿತ್ತುವುದು ಜನವರಿ-ಫೆಬ್ರವರಿ ಅಥವಾ ಜೂನ್-ಜುಲೈ. ಬೀಜದ ಸಿಪ್ಪೆ ಗಟ್ಟಿ, ರಾತ್ರಿಯಿಡೀ ನೆನೆಸಿ ಒಂದಿಂಚು ಆಳಕ್ಕೆ ಹಾಕಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಮೀತ್, ಅರ್ಕಾ ಸುಜಾತ್ ತಳಿಗಳು ತಾರಸಿಗೂ ಒಗ್ಗುತ್ತವೆ. ಬೀಜದೆಲೆಯನ್ನು ಕೆಂಪು ದುಂಬಿ ತೂತು ಮಾಡುವುದರಿಂದ ಮೊದಲ ನಾಲ್ಕೆಲೆ ಬರುವವರೆಗೆ ಸೊಳ್ಳೆಪರದೆಯ ತುಂಡು ಮುಚ್ಚಿಡಿ. ಚಪ್ಪರ ಆರಡಿ ಎತ್ತರ ಇರಲಿ, ಕಾಯಿ ಜೋತುಬಿದ್ದರೇ ನೆಟ್ಟಗಾಗುವುದು. ಬಳ್ಳಿ ಚಪ್ಪರ ಮುಟ್ಟಿದಾಗ ತುದಿ ಚಿವುಟುತ್ತೇನೆ, ಏಕೆಂದರೆ ಹೆಣ್ಣು ಹೂ ಹೆಚ್ಚು ಬರುವುದು ಪಕ್ಕದ ಹಂಬಿನಲ್ಲಿ. ಕವಲಿನ ಕವಲು ಚಿವುಟುತ್ತಾ ಹೋಗುವ ವಿಡಿಯೊ ವಿದ್ಯೆಯಲ್ಲಿ ನನಗೆ ನಂಬಿಕೆ ಕಡಿಮೆ; ಡ್ರಮ್ಮಿನ ಬೇರು ಅಷ್ಟೊಂದು ಹಂಬು ಸಾಕಲಾರದು.

ಇನ್ನು ಹಣ್ಣುನೊಣ. ಹೀಚು ಹಳದಿಯಾದರೆ ಮೊದಲು ಮುರಿದು ನೋಡಿ. ಒಳಗೆ ಸ್ವಚ್ಛವಾಗಿದ್ದರೆ ಪರಾಗ ಸಿಕ್ಕಿಲ್ಲ. ಸೂಜಿ ಚುಚ್ಚಿದಂಥ ಗುರುತು, ಅಲ್ಲೊಂದು ಅಂಟು ಹನಿ, ಒಳಗೆ ಬಿಳಿ ಹುಳು ಕಂಡರೆ ನೊಣದ ಕೆಲಸ. ಹುಳು ಕಾಯಿಯೊಳಗೆ ಇರುವುದರಿಂದ ಹೊರಗೆ ಬೇವಿನೆಣ್ಣೆ ಹೊಡೆದರೂ ಅದಕ್ಕೆ ತಾಗದು. ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ತರುವಾಗ ‘ಕ್ಯೂ ಲ್ಯೂರ್’ ಎಂದೇ ಕೇಳಿ. ಸುಮ್ಮನೆ ಹಣ್ಣುನೊಣದ ಬಲೆ ಎಂದರೆ ಮಾವಿಗೆ ಬಳಸುವ ಮೀಥೈಲ್ ಯೂಜೆನಾಲ್ ಕೊಟ್ಟುಬಿಡುತ್ತಾರೆ, ಬಳ್ಳಿ ತರಕಾರಿಯ ನೊಣ ಅದಕ್ಕೆ ಬೀಳುವುದಿಲ್ಲ. ಸರಿಯಾದ ಬಲೆಯಲ್ಲೂ ಸಿಗುವುದು ಗಂಡು ನೊಣ ಮಾತ್ರ, ಮೊಟ್ಟೆಯಿಡುವ ಹೆಣ್ಣು ಹೊರಗೇ ಉಳಿಯುತ್ತದೆ. ಅದಕ್ಕಾಗಿ ಪರಾಗ ತಾಗಿಸಿದ ಮರುದಿನ ಬೆಳಗ್ಗೆಯೇ ಹೀಚಿಗೆ ಹಳೇ ಪಂಚೆಯ ಚೀಲ ತೊಡಿಸಿ, ಬಾಯಿಗೆ ಸಡಿಲವಾಗಿ ದಾರ ಕಟ್ಟುತ್ತೇನೆ. ಎರಡಡಿ ಉದ್ದ, ನಾಲ್ಕೈದು ಇಂಚು ಅಗಲ ಸಾಕು. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರಿ ಕಾಯಿ ಕೊಳೆಯುತ್ತದೆ. ಹುಳು ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಬಾರದು, ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಂಟು ಬಿಗಿದು, ಒಂದು ವಾರ ಕಡು ಬಿಸಿಲಿಗೆ ಇಟ್ಟು ಆಮೇಲೆ ಎಸೆಯಿರಿ. ಪ್ಲಾಸ್ಟಿಕ್ಕಿನ ಜಾಗ ಇಲ್ಲಿ.

ಎಲೆಯ ಮೇಲೆ ರಂಗೋಲಿ ಹುಳುವಿನ ಬಿಳಿ ಗೆರೆ ಒಂದಷ್ಟು ಇರುತ್ತದೆ, ಕೆಳಗಿನ ಎಲೆ ಕಿತ್ತರೆ ಸಾಕು. ಚಳಿಗಾಲದ ಬೂದಿ ರೋಗಕ್ಕೆ ಆರಂಭದಲ್ಲೇ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಬೆಳಗಿನ ಬಿಸಿಲಲ್ಲಿ ಸಿಂಪಡಿಸುತ್ತೇನೆ. ಎಲೆ ಪೂರ್ತಿ ಬೆಳ್ಳಗಾದ ಮೇಲೆ ಇದು ನಡೆಯದು. ಗಂಧಕದ ಪುಡಿ ಬಿಸಿಲಿಗೆ ಹೀರೆಯ ಎಲೆ ಸುಡುತ್ತದೆ, ಅದನ್ನು ಬಿಟ್ಟುಬಿಟ್ಟಿದ್ದೇನೆ.

ಪರಾಗ ತಾಗಿಸಿದ ಎಂಟು-ಹತ್ತು ದಿನಕ್ಕೆ ಕಾಯಿ ಕೊಯ್ಲಿಗೆ ಬರುತ್ತದೆ. ಉಗುರು ಸಲೀಸಾಗಿ ಇಳಿಯಬೇಕು. ಒಂದು ಕಾಯಿ ಬಲಿಯಲು ಬಿಟ್ಟರೂ ಬಳ್ಳಿ ಹೊಸ ಹೀಚು ಹಿಡಿಯುವುದನ್ನು ತಗ್ಗಿಸುತ್ತದೆ, ಆದ್ದರಿಂದ ಬೀಜಕ್ಕೆ ಬಿಡುವುದು ಕೊನೆಯ ಕಾಯಿಯನ್ನೇ. ಅಡುಗೆಗೆ ಮೊದಲು ತುದಿಯ ಚೂರು ನಾಲಿಗೆಗೆ ತಾಗಿಸಿ. ಕಡು ಕಹಿಯಿದ್ದರೆ ಇಡೀ ಕಾಯಿ ಬಿಸಾಡಿ. ಬೇಯಿಸಿದರೂ ಆ ಕಹಿ ಹೋಗದು, ತಿಂದರೆ ವಾಂತಿ, ಭೇದಿ. ಅಂಥ ಬಳ್ಳಿಯ ಬೀಜವನ್ನೂ ಇಡಬೇಡಿ.

ಬಳ್ಳಿ ಕಿತ್ತ ಮೇಲೆ ಮಣ್ಣನ್ನು ತಾರಸಿಯಲ್ಲಿ ತೆಳುವಾಗಿ ಹರಡಿ ಒಣಗಿಸಿದರೆ ನೊಣದ ಕೋಶಗಳು ಸಾಯುತ್ತವೆ. ಅದೇ ಡ್ರಮ್ಮಿಗೆ ಮುಂದಿನ ಸಲ ಬದನೆ ಅಥವಾ ಬೆಂಡೆ ಹಾಕುತ್ತೇನೆ, ಹೀರೆಗೆ ಬೇರೆ ಡ್ರಮ್ಮು.