ಗುಲಾಬಿ ಈರುಳ್ಳಿ ರಫ್ತು: ಅಧಿಸೂಚನೆ ಬಂದ ದಿನ ಕಂಟೇನರ್ ಎಲ್ಲಿರಬೇಕು?

ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಗುಲಾಬಿ ಈರುಳ್ಳಿಗೆ ನಮ್ಮ ಅಡುಗೆಮನೆಗಳಲ್ಲಿ ಅಷ್ಟು ಗಿರಾಕಿಯಿಲ್ಲ. ಅದು ಹೋಗುವುದು ಮಲೇಷ್ಯಾ, ಸಿಂಗಪುರ, ಶ್ರೀಲಂಕಾಗಳಿಗೆ. ಊಟದ ಈರುಳ್ಳಿಯ ಬೆಲೆ ಏರಿತೆಂದು ದೆಹಲಿಯಲ್ಲಿ ರಫ್ತಿಗೆ ಬೀಗ ಹಾಕಿದರೆ ಇಲ್ಲಿನ ಮಾಲು ಹೊಲದಲ್ಲೇ ಉಳಿಯುತ್ತದೆ.

ಆ ಬೀಗ ಎಷ್ಟು ಸಲ ಬಿದ್ದಿದೆ ನೋಡಿ. 2023ರ ಆಗಸ್ಟ್ 19ರಂದು, ಶನಿವಾರ, ಶೇ 40 ರಫ್ತು ಸುಂಕ. ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ. 2024ರ ಮೇ 4ರಂದು ನಿಷೇಧ ಹೋಯಿತು. ಆದರೆ ಟನ್ನಿಗೆ 550 ಡಾಲರ್ ಕನಿಷ್ಠ ರಫ್ತು ಬೆಲೆ, ಜೊತೆಗೆ ಶೇ 40 ಸುಂಕ. ಆ ತಿಂಗಳ ಕೊನೆಗೆ ಗುಲಾಬಿ ಈರುಳ್ಳಿಗೆ ಸುಂಕ ವಿನಾಯಿತಿ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಕನಿಷ್ಠ ಬೆಲೆ ತೆಗೆದು ಸುಂಕವನ್ನು ಶೇ 20ಕ್ಕೆ ಇಳಿಸಿದರು. 2025ರ ಏಪ್ರಿಲ್ 1ರಿಂದ ಸುಂಕವೇ ಇಲ್ಲ. ಮತ್ತೆ ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ.

ಒಮ್ಮೆ ಮಾಡಿಟ್ಟುಕೊಳ್ಳಬೇಕಾದ ಕಾಗದಪತ್ರ ಕಡಿಮೆಯೇ. ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಪೋರ್ಟಲ್‌ನಲ್ಲಿ 500 ರೂಪಾಯಿ ಕಟ್ಟಿ ಐಇಸಿ ಎಂಬ ಆಮದು-ರಫ್ತು ಸಂಖ್ಯೆ, ಕೃಷಿ ರಫ್ತು ಪ್ರಾಧಿಕಾರವಾದ ಅಪೇಡಾದಲ್ಲಿ ಆರ್‌ಸಿಎಂಸಿ ಎಂಬ ಸದಸ್ಯತ್ವ ಪತ್ರ, ಕಸ್ಟಮ್ಸ್ ಪೋರ್ಟಲ್ ಐಸ್‌ಗೇಟ್‌ನಲ್ಲಿ ರಫ್ತಿನ ಹಣ ಬರುವ ಬ್ಯಾಂಕಿನ ಎಡಿ ಕೋಡ್ ನೋಂದಣಿ. ಇಲ್ಲಿ ಎಡವುವುದು ಸಣ್ಣದರಲ್ಲಿ: ವಿವರ ಏನೂ ಬದಲಾಗದಿದ್ದರೂ ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಐಇಸಿಯನ್ನು ಆನ್‌ಲೈನಿನಲ್ಲಿ ದೃಢೀಕರಿಸಬೇಕು. ಮರೆತರೆ ಅದು ನಿಷ್ಕ್ರಿಯವಾಗುತ್ತದೆ. ಗೊತ್ತಾಗುವುದು ಮಾಲು ಲಾರಿಗೆ ಏರಿದ ಮೇಲೆ.

ಹೊಸಬರು ಹೆಚ್ಚು ಪೆಟ್ಟು ತಿನ್ನುವುದು ಸುಂಕದ ದಿನಾಂಕದಲ್ಲಿ. ಶಿಪ್ಪಿಂಗ್ ಬಿಲ್ (ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ಘೋಷಣೆ) ಹಾಕಿದ ದಿನದ ದರವೇ ಅನ್ವಯ ಎಂದು ಅವರು ನಂಬಿರುತ್ತಾರೆ. ಕಸ್ಟಮ್ಸ್ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಲೆಕ್ಕಕ್ಕೆ ಬರುವುದು ಅಧಿಕಾರಿ ಮಾಲು ಹಡಗೇರಲು ಅನುಮತಿಸುವ ‘ಲೆಟ್ ಎಕ್ಸ್‌ಪೋರ್ಟ್’ ಆದೇಶ, ಅಂದರೆ ಎಲ್‌ಇಒ, ಕೊಟ್ಟ ದಿನದ ದರ. ಶುಕ್ರವಾರ ಬಿಲ್ ಹಾಕಿ ಚೆನ್ನೈ ಬಂದರಿಗೆ ಮಾಲು ತಲುಪಿಸಿ, ಎಲ್‌ಇಒ ಸೋಮವಾರ ಸಿಕ್ಕಿತು ಅನ್ನಿ. ನಡುವೆ ಸುಂಕ ಬಂದಿದ್ದರೆ ನೀವು ಕಟ್ಟಲೇಬೇಕು. 28 ಟನ್, ಟನ್ನಿಗೆ ಎಫ್‌ಒಬಿ (ಹಡಗಿಗೇರಿಸುವವರೆಗಿನ ಬೆಲೆ) 400 ಡಾಲರ್ ಎಂದರೆ 11,200 ಡಾಲರ್. ಅದರ ಶೇ 40 ಎಂದರೆ 4,480. ಒಂದು ಕಂಟೇನರಿನ ಲಾಭವಲ್ಲ, ಬಂಡವಾಳವೇ ಕರಗುವ ಮೊತ್ತ.

ಆದ್ದರಿಂದ ಲಾರಿ ಹೊರಡುವ ಮೊದಲೇ ಶಿಪ್ಪಿಂಗ್ ಬಿಲ್ ಸಿದ್ಧವಿರಲಿ. ಬಂದರಿನ ಗೇಟು ದಾಟಿದ ತಕ್ಷಣ ಮಾಲು ಕಸ್ಟಮ್ಸ್ ವ್ಯವಸ್ಥೆಯಲ್ಲಿ ದಾಖಲಾಗುವಂತೆ ನಿಮ್ಮ ಕಸ್ಟಮ್ಸ್ ಏಜೆಂಟರಿಗೆ (ಸಿಎಚ್‌ಎ) ಹೇಳಿ, ದಿನಾಂಕ ಮತ್ತು ಸಮಯ ಮುದ್ರಿತವಾದ ಪ್ರತಿ ತರಿಸಿಕೊಳ್ಳಿ. ಎಲ್‌ಇಒ ತಡವಾದರೆ ಸುಂಕದಿಂದ ಈ ಕಾಗದ ಉಳಿಸುವುದಿಲ್ಲ, ಆದರೆ ನಿಷೇಧ ಬಂದಾಗ ಕೈಹಿಡಿಯಬಹುದು. 2023ರ ಡಿಸೆಂಬರ್‌ನಲ್ಲಿ, ಅಧಿಸೂಚನೆಗೆ ಮುನ್ನ ಲೋಡಿಂಗ್ ಶುರುವಾಗಿದ್ದ ಅಥವಾ ಕಸ್ಟಮ್ಸ್‌ಗೆ ಒಪ್ಪಿಸಿ ವ್ಯವಸ್ಥೆಯಲ್ಲಿ ದಾಖಲಾಗಿದ್ದ ಮಾಲನ್ನು ಜನವರಿ 5ರವರೆಗೆ ಬಿಟ್ಟರು. ಗೋದಾಮಿನಲ್ಲಿದ್ದದ್ದು ಗೋದಾಮಿನಲ್ಲೇ ಉಳಿಯಿತು.

ಗಮನಿಸಬೇಕಾದ ಕಡೆ ಎರಡು: ನಿಷೇಧ, ಕನಿಷ್ಠ ಬೆಲೆ ಡಿಜಿಎಫ್‌ಟಿಯಿಂದ ಬರುತ್ತವೆ; ಸುಂಕದ ಅಧಿಸೂಚನೆ ಕೇಂದ್ರ ಹಣಕಾಸು ಸಚಿವಾಲಯದಿಂದ. ಒಂದನ್ನೇ ನೋಡುತ್ತ ಕೂತರೆ ಅರ್ಧ ಸುದ್ದಿ.

ಗುಲಾಬಿ ಈರುಳ್ಳಿಗೆ ವಿನಾಯಿತಿ ಕೊಟ್ಟಾಗ ಒಂದು ಷರತ್ತಿತ್ತು: ಕರ್ನಾಟಕದ ತೋಟಗಾರಿಕೆ ಆಯುಕ್ತರು ತಳಿ ಮತ್ತು ಪ್ರಮಾಣ ಎರಡನ್ನೂ ದೃಢೀಕರಿಸಿದ ಪತ್ರ ಬೇಕು. ಪತ್ರದಲ್ಲಿ 26 ಟನ್, ಇನ್‌ವಾಯ್ಸ್‌ನಲ್ಲಿ 28 ಟನ್ ಇದ್ದರೆ ಅಲ್ಲೇ ತಕರಾರು. ಸರಕಿನ ವರ್ಗ ಸೂಚಿಸುವ ಎಚ್‌ಎಸ್ ಕೋಡ್ 07031011 ಎಂದೇ ಬರೆಯಿರಿ. ಅಭ್ಯಾಸಬಲದಿಂದ 07031019 ಎಂದು ಹಾಕಿದರೆ ನಿಮ್ಮ ಮಾಲು ಕಾಗದದಲ್ಲಿ ಸಾಮಾನ್ಯ ಈರುಳ್ಳಿಯಾಗುತ್ತದೆ.

ಕರಾರು ಬರೆಯುವಾಗ ನಾಚಿಕೆ ಬೇಡ. ಎಫ್‌ಒಬಿ ವ್ಯವಹಾರದಲ್ಲಿ ರಫ್ತು ಸುಂಕ ಮಾರಿದವರ ತಲೆಗೇ ಬರುತ್ತದೆ. ‘ಒಪ್ಪಂದದ ನಂತರ ಭಾರತ ಸರ್ಕಾರ ಸುಂಕ ವಿಧಿಸಿದರೆ ಖರೀದಿದಾರರೇ ಭರಿಸತಕ್ಕದ್ದು, ನಿಷೇಧ ಬಂದರೆ ಒಪ್ಪಂದ ರದ್ದು, ಮುಂಗಡ ವಾಪಸ್, ದಂಡವಿಲ್ಲ’ ಎಂದು ಸ್ಪಷ್ಟವಾಗಿ ಸೇರಿಸಿ. ಹಳೇ ಗಿರಾಕಿಗಳು ಒಪ್ಪುತ್ತಾರೆ, ಅವರಿಗೂ ಈ ಕಥೆ ಗೊತ್ತು.

ಇನ್ನು ಮಾಲು. ಕುತ್ತಿಗೆ ಪೂರ್ತಿ ಒಣಗಿರಬೇಕು: ಹೆಬ್ಬೆರಳು, ತೋರುಬೆರಳ ನಡುವೆ ಹೊಸಕಿದರೆ ಸಿಪ್ಪೆ ಗರಿಗರಿ ಅನ್ನಬೇಕು, ಜಾರಬಾರದು. ಬೇರಿಗೆ ಮಣ್ಣು ಅಂಟಿದ್ದರೆ ಫೈಟೊಸ್ಯಾನಿಟರಿ (ಸಸ್ಯ ರೋಗ, ಕೀಟಗಳ) ತಪಾಸಣೆಯಲ್ಲೇ ನಿಲ್ಲುತ್ತದೆ. ರೀಫರ್ (ಶೀತಲ) ಕಂಟೇನರಿನ ಗಾಳಿಕಿಂಡಿ ತೆರೆದಿದೆಯೇ ಎಂದು ಬಾಗಿಲು ಮುಚ್ಚುವ ಮೊದಲು ನೀವೇ ಹೋಗಿ ನೋಡಿ. ಈರುಳ್ಳಿ ಉಸಿರಾಡುತ್ತದೆ, ಕಿಂಡಿ ಮುಚ್ಚಿದ್ದರೆ ತೇವ ಮೇಲೇರಿ ಚಾವಣಿಯಿಂದ ಹನಿಯುತ್ತದೆ, ಮೇಲಿನ ಸಾಲಿನ ಚೀಲಗಳು ಮೊದಲು ಮೊಳೆಯುತ್ತವೆ. ಅಲ್ಲಿ ಬಾಗಿಲು ತೆರೆದವರ ಕಣ್ಣಿಗೆ ಮೊದಲು ಬೀಳುವುದೂ ಅದೇ ಸಾಲು.